ಮೇಪಲ್ ಸಿರಪ್, ಡಬ್ಬಿ ಟೊಮೆಟೊ: ಪೌಷ್ಟಿಕಾಂಶ ಹೋಲಿಸುವಾಗ ಎಲ್ಲಿ ಎಡವುತ್ತೇವೆ, ಲೆಕ್ಕ ಹೇಗೆ ಹಾಕಬೇಕು

ಮೇಪಲ್ ಮರದ ರಸ ಕುದಿಸಿ ಮಾಡುವ ಸಿಹಿ ಪಾಕವೇ ಮೇಪಲ್ ಸಿರಪ್. ಅದರ 100 ಗ್ರಾಂನಲ್ಲಿ ಸುಮಾರು 212 ಮಿ.ಗ್ರಾಂ ಪೊಟ್ಯಾಶಿಯಂ ಇದೆ. ಟೊಮೆಟೊ ರಸದಲ್ಲೇ ಮುಳುಗಿಸಿಟ್ಟ ಡಬ್ಬಿ ಟೊಮೆಟೊದಲ್ಲಿ 100 ಗ್ರಾಂಗೆ ಸುಮಾರು 191. ಕೋಷ್ಟಕದಲ್ಲಿ ಇವೆರಡನ್ನು ಅಕ್ಕಪಕ್ಕ ನೋಡಿದವರಿಗೆ ಸಿರಪ್ಪೇ ಒಂದು ಕೈ ಮೇಲು ಅನ್ನಿಸುತ್ತದೆ. ಅಂಕಿ ಸರಿ, ತೀರ್ಮಾನ ತಪ್ಪು. ಸಿರಪ್‌ನಿಂದ ಆ 212 ಮಿ.ಗ್ರಾಂ ಪಡೆಯಬೇಕಾದರೆ 260 ಕ್ಯಾಲರಿ ಮತ್ತು 60 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು. ಟೊಮೆಟೊದ 191 ಮಿ.ಗ್ರಾಂಗೆ 16 ಕ್ಯಾಲರಿ, ಎರಡೂವರೆ ಗ್ರಾಂ ಸಕ್ಕರೆ ಸಾಕು.

ಇಷ್ಟು ಬೇರೆ ಬೇರೆ ಸ್ವಭಾವದ ಎರಡು ಪದಾರ್ಥಗಳನ್ನು ಹೋಲಿಸುವಾಗ ಯಾವ ಅಳತೆಗೋಲು ಹಿಡಿಯುತ್ತೇವೆ ಅನ್ನುವುದರ ಮೇಲೆಯೇ ಉತ್ತರ ನಿಂತಿರುತ್ತದೆ. ಇಲ್ಲಿ ಹೇಳುವ ಕ್ರಮವನ್ನು ಬೇರೆ ಯಾವ ಜೋಡಿಗೂ ಬಳಸಬಹುದು. ಆದರೆ ಈ ಜೋಡಿಯಲ್ಲಿ ತಪ್ಪುಗಳು ದೊಡ್ಡದಾಗಿ ಕಣ್ಣಿಗೆ ಬೀಳುವುದರಿಂದ ಕಲಿಯಲು ಇದು ಒಳ್ಳೆಯ ಉದಾಹರಣೆ.

ಮೊದಲು ನೀರನ್ನು ನೋಡಿ

ಮೇಪಲ್ ಮರದಿಂದ ಇಳಿಸಿದ ರಸದಲ್ಲಿ ಸಕ್ಕರೆ ಇರುವುದು ಹೆಚ್ಚುಕಡಿಮೆ ಶೇ 2ರಷ್ಟು. ಅದನ್ನು ಕುದಿಸಿ ಕುದಿಸಿ ನೀರು ಇಂಗಿಸುತ್ತಾರೆ. ಕುದಿಬಿಂದು ನೀರಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಸಿರಪ್ ಹದಕ್ಕೆ ಬಂದಂತೆ. ಒಂದು ಲೀಟರ್ ಸಿರಪ್‌ಗೆ ಸರಿಸುಮಾರು 40 ಲೀಟರ್ ರಸ ಬೇಕು. ಹೀಗೆ ಇಂಗಿಸಿದ ಮೇಲೂ ಉಳಿಯುವ ನೀರು ಶೇ 32ರಷ್ಟು. ಡಬ್ಬಿ ಟೊಮೆಟೊದಲ್ಲಾದರೆ ಶೇ 94 ನೀರೇ.

ಅಂದರೆ 100 ಗ್ರಾಂ ಸಿರಪ್‌ನಲ್ಲಿ ಘನಾಂಶ 67–68 ಗ್ರಾಂ, 100 ಗ್ರಾಂ ಡಬ್ಬಿ ಟೊಮೆಟೊದಲ್ಲಿ ಬರೀ 5.7 ಗ್ರಾಂ. ನೀರು ತೆಗೆದು, ಘನಾಂಶದ 100 ಗ್ರಾಂಗೆ ಪೊಟ್ಯಾಶಿಯಂ ಲೆಕ್ಕ ಹಾಕಿ ನೋಡಿ: ಸಿರಪ್‌ಗೆ 314 ಮಿ.ಗ್ರಾಂ ಆಸುಪಾಸು, ಟೊಮೆಟೊಗೆ 3,350 ಆಸುಪಾಸು. ಹತ್ತು ಪಟ್ಟಿಗಿಂತ ಹೆಚ್ಚು! ಕೋಷ್ಟಕದಲ್ಲಿ ಎರಡೂ ಸರಿಸಮ ಕಂಡದ್ದು ಟೊಮೆಟೊದೊಳಗಿನ ನೀರಿನ ಮಾಯೆ. ಹಾಗೆಂದು ಘನಾಂಶದ ಲೆಕ್ಕವನ್ನು ದಿನನಿತ್ಯ ಬಳಸಬೇಕಿಲ್ಲ. ಒಣಪುಡಿ ಯಾರೂ ತಿನ್ನುವುದಿಲ್ಲ. ಎರಡು ಅಂಕಿಗಳು ಅನುಮಾನ ಬರುವಷ್ಟು ಹತ್ತಿರ ಬಂದಾಗ ಕಾರಣ ಹುಡುಕಲು ಇದೊಂದು ಒರೆಗಲ್ಲು, ಅಷ್ಟೆ.

ಯಾವ ಸಿರಪ್? ಯಾವ ಡಬ್ಬಿ?

ಲೆಕ್ಕಕ್ಕೆ ಕೈ ಹಾಕುವ ಮೊದಲು ಎರಡೂ ಪದಾರ್ಥಗಳ ಹೆಸರನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಅರ್ಧ ತಪ್ಪುಗಳು ಹುಟ್ಟುವುದು ಇಲ್ಲೇ.

ಸಿರಪ್ ಬಾಟಲಿಯ ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು ಇರಬೇಕು: ಮೇಪಲ್ ಸಿರಪ್. ಕಾರ್ನ್ ಸಿರಪ್, ಬಣ್ಣ, ಪರಿಮಳ ಎಂದೆಲ್ಲ ಇದ್ದರೆ ಅದು ಮೇಪಲ್ ವಾಸನೆಯ ಪ್ಯಾನ್‌ಕೇಕ್ ಸಿರಪ್. ಕ್ಯಾಲರಿ ಹತ್ತಿರ ಹತ್ತಿರ ಇದ್ದೀತು, ಆದರೆ ಮ್ಯಾಂಗನೀಸ್, ಕ್ಯಾಲ್ಸಿಯಂ, ಪೊಟ್ಯಾಶಿಯಂ ಅದರಲ್ಲಿ ಹೆಸರಿಗೆ ಮಾತ್ರ. ಗೋಲ್ಡನ್, ಅಂಬರ್, ಡಾರ್ಕ್, ವೆರಿ ಡಾರ್ಕ್ ಎಂಬ ವರ್ಗಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಬಣ್ಣ ಮತ್ತು ರುಚಿಯ ವರ್ಗಗಳು. ಸಕ್ಕರೆ, ಕ್ಯಾಲರಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಡಬ್ಬಿ ಟೊಮೆಟೊದ ಕಥೆ ಸ್ವಲ್ಪ ಉದ್ದ. ಒಂದೇ ಹೆಸರಿನಡಿ ಇಡೀ ಹಣ್ಣು, ಹೆಚ್ಚಿದ್ದು, ಜಜ್ಜಿದ್ದು, ಪ್ಯೂರಿ, ಪೇಸ್ಟ್ ಎಲ್ಲವೂ ಬರುತ್ತವೆ. ಪೇಸ್ಟ್ ಅಂದರೆ ನೀರು ಇಂಗಿಸಿದ ಟೊಮೆಟೊ, 100 ಗ್ರಾಂಗೆ 80 ಕ್ಯಾಲರಿ ದಾಟುತ್ತದೆ, ಪೊಟ್ಯಾಶಿಯಂ 1,000 ಮಿ.ಗ್ರಾಂ ಮುಟ್ಟುತ್ತದೆ. ಇಡೀ ಹಣ್ಣಿನ ಡಬ್ಬಿ ಕೈಯಲ್ಲಿಟ್ಟುಕೊಂಡು ಪೇಸ್ಟಿನ ಸಾಲು ನೋಡಿದರೆ ಉತ್ತರ ಐದು ಪಟ್ಟು ಕೆಡುತ್ತದೆ. ಈ ಬರಹದ ಅಂಕಿಗಳೆಲ್ಲ ಟೊಮೆಟೊ ರಸದಲ್ಲಿ ತುಂಬಿದ ಕೆಂಪು ಹಣ್ಣಿನ ಡಬ್ಬಿಯವು.

ಇನ್ನೆರಡು ಸಂಗತಿ ಗಮನಿಸಿ. ಒಂದು, ಉಪ್ಪು. ಉಪ್ಪು ಹಾಕದ ಡಬ್ಬಿಯಲ್ಲಿ 100 ಗ್ರಾಂಗೆ ಸುಮಾರು 10 ಮಿ.ಗ್ರಾಂ ಸೋಡಿಯಂ ಇದ್ದರೆ ಉಪ್ಪು ಹಾಕಿದ್ದರಲ್ಲಿ ನೂರು ದಾಟುತ್ತದೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಾಗಾಗಿ ಸೋಡಿಯಂ ಒಂದನ್ನು ಮಾತ್ರ ಯಾವಾಗಲೂ ಕೈಯಲ್ಲಿರುವ ಡಬ್ಬಿಯ ಲೇಬಲ್‌ನಿಂದಲೇ ತೆಗೆದುಕೊಳ್ಳಿ, ಕೋಷ್ಟಕದಿಂದ ಬೇಡ. ಎರಡು, ಕ್ಯಾಲ್ಸಿಯಂ ಕ್ಲೋರೈಡ್. ಹೆಚ್ಚಿದ ತುಂಡುಗಳು ಬೇಯುವಾಗ ಕರಗಿಹೋಗದೆ ಗಟ್ಟಿಯಾಗಿ ನಿಲ್ಲಲಿ ಎಂದು ಇದನ್ನು ಸೇರಿಸುತ್ತಾರೆ. ಅಂಥ ಡಬ್ಬಿಯಲ್ಲಿ ಕ್ಯಾಲ್ಸಿಯಂ ಹೆಚ್ಚು ಕಂಡರೆ ಅದರಲ್ಲೊಂದು ಪಾಲು ಹಣ್ಣಿನದಲ್ಲ, ಸೇರಿಸಿದ್ದು.

ಲೇಬಲ್‌ಗಳನ್ನು ಒಂದೇ ಭಾಷೆಗೆ ತನ್ನಿ

ಒಂದು ಲೇಬಲ್ ಅಮೆರಿಕದ್ದು, ಇನ್ನೊಂದು ಯುರೋಪಿನದು ಎಂದಿಟ್ಟುಕೊಳ್ಳಿ. ಹಾಗೇ ಹೋಲಿಸಿದರೆ ಕನಿಷ್ಠ ನಾಲ್ಕು ಕಡೆ ಕಾಲು ಜಾರುತ್ತದೆ.

ಸೋಡಿಯಂ ಬದಲು ಉಪ್ಪು ಎಂದು ಬರೆದಿರುತ್ತಾರೆ. ಉಪ್ಪಿನ ಗ್ರಾಂಗಳನ್ನು 2.5ರಿಂದ ಭಾಗಿಸಿದರೆ ಸೋಡಿಯಂ ಸಿಗುತ್ತದೆ, 0.3 ಗ್ರಾಂ ಉಪ್ಪು ಅಂದರೆ 120 ಮಿ.ಗ್ರಾಂ ಸೋಡಿಯಂ.

ಯುರೋಪಿನ ಲೇಬಲ್‌ನಲ್ಲಿ ಕಾರ್ಬೊಹೈಡ್ರೇಟ್ ಅಂದರೆ ನಾರಿನಂಶ ಬಿಟ್ಟು ಉಳಿದದ್ದು. ಅಮೆರಿಕದ ಲೇಬಲ್‌ನಲ್ಲಿ ನಾರನ್ನೂ ಸೇರಿಸಿದ್ದು. ಸಿರಪ್‌ಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ, ಅದರಲ್ಲಿ ನಾರೇ ಇಲ್ಲ. ಟೊಮೆಟೊದಲ್ಲಿ ಮಾತ್ರ 3.5 ಗ್ರಾಂ ಅಂದದ್ದು ಇನ್ನೊಂದು ಪದ್ಧತಿಯಲ್ಲಿ 1.6 ಆಗಿಬಿಡುತ್ತದೆ. ಅದೇ ಟೊಮೆಟೊ, ಅರ್ಧಕ್ಕಿಂತ ಕಡಿಮೆ ಅಂಕಿ.

ಸಿರಪ್ ದ್ರವವಾದ್ದರಿಂದ ಕೆಲವು ಬಾಟಲಿಗಳಲ್ಲಿ 100 ಮಿ.ಲೀ.ಗೆ ಲೆಕ್ಕ ಕೊಟ್ಟಿರುತ್ತಾರೆ. ಸಿರಪ್ ನೀರಿಗಿಂತ ಭಾರ, ಒಂದು ಮಿ.ಲೀ. ಸುಮಾರು 1.33 ಗ್ರಾಂ ತೂಗುತ್ತದೆ. ಆದ್ದರಿಂದ 100 ಮಿ.ಲೀ.ಗೆ 345 ಕ್ಯಾಲರಿ ಎಂದು ಕಂಡರೆ ಹೌಹಾರಬೇಡಿ, 1.33ರಿಂದ ಭಾಗಿಸಿ. ಅದೇ 260 ಬರುತ್ತದೆ.

ನಾಲ್ಕನೆಯದು ಸಕ್ಕರೆ. ಅಮೆರಿಕದಲ್ಲಿ ಶುದ್ಧ ಮೇಪಲ್ ಸಿರಪ್ ಬಾಟಲಿಯ ಮೇಲೆ ಸೇರಿಸಿದ ಸಕ್ಕರೆ ಇಷ್ಟು ಗ್ರಾಂ ಎಂದು ಬರೆಯುವ ಕಡ್ಡಾಯವಿಲ್ಲ, ದಿನದ ಮಿತಿಯ ಶೇಕಡಾವಾರು ಬರೆದರೆ ಸಾಕು. ಆ ಸಾಲು ಕಾಣಲಿಲ್ಲವೆಂದು ಸೊನ್ನೆ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಜೇನುತುಪ್ಪ, ಸಿರಪ್‌ಗಳಲ್ಲಿ ತಾನಾಗಿಯೇ ಇರುವ ಸಕ್ಕರೆಯನ್ನೂ ಮಿತಿಯೊಳಗಿಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸುತ್ತದೆ. ಮರದಿಂದ ಬಂದದ್ದು ಅನ್ನುವ ಕಾರಣಕ್ಕೆ ದೇಹ ರಿಯಾಯಿತಿ ಕೊಡುವುದಿಲ್ಲ. ಸಿರಪ್‌ನ ಸಕ್ಕರೆಯಲ್ಲಿ ಬಹುಪಾಲು ಸುಕ್ರೋಸ್, ಅಂದರೆ ಡಬ್ಬದಲ್ಲಿರುವ ಬಿಳಿ ಸಕ್ಕರೆಯೇ.

ತೂಕ ಮಾಡುವ ಕ್ರಮ

ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಬೇಕು. ಬಟ್ಟಲಿಟ್ಟು ಸೊನ್ನೆ ಮಾಡಿ, ಬಾಟಲಿಯಿಂದ ನೇರವಾಗಿ ಸುರಿಯಿರಿ. ಚಮಚದಲ್ಲಿ ಅಳೆದು ಬಟ್ಟಲಿಗೆ ಹಾಕಿದರೆ ಒಂದೆರಡು ಗ್ರಾಂ ಚಮಚಕ್ಕೇ ಅಂಟಿಕೊಂಡು ಉಳಿಯುತ್ತದೆ, ಆಮೇಲೆ ಅದನ್ನು ನೆಕ್ಕುವವರೂ ಇರುತ್ತಾರೆ, ಲೆಕ್ಕಕ್ಕೆ ಬರುವುದಿಲ್ಲ. 15 ಮಿ.ಲೀ.ನ ಒಂದು ದೊಡ್ಡ ಅಳತೆ ಚಮಚ ಸಿರಪ್ 20 ಗ್ರಾಂ. ಆದರೆ ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿ.ಲೀ.; ಅದರಲ್ಲಿ 26–27 ಗ್ರಾಂ ಹಿಡಿಯುತ್ತದೆ. ಪಾಕವಿಧಾನ ಎಲ್ಲಿಯದು ನೋಡಿಕೊಳ್ಳಿ. ಊಟದ ಚಮಚವನ್ನಂತೂ ಅಳತೆಗೆ ನಂಬಲೇಬೇಡಿ.

ಟೊಮೆಟೊ ಡಬ್ಬಿಯ ಮೇಲೆ ಕೆಲವೊಮ್ಮೆ ಎರಡು ತೂಕ ಇರುತ್ತವೆ. 400 ಗ್ರಾಂ ಡಬ್ಬಿಯಲ್ಲಿ ರಸ ಬಸಿದ ಹಣ್ಣು 240 ಗ್ರಾಂ ಇರುವುದು ಸಾಮಾನ್ಯ. ರಸವನ್ನೂ ಬಳಸುವುದಾದರೆ 400ಕ್ಕೆ ಲೆಕ್ಕ ಹಾಕಿ. ಚೆಲ್ಲುವುದಾದರೆ ಜರಡಿಯಲ್ಲಿ ಎರಡು ನಿಮಿಷ ಬಸಿಯಲು ಬಿಟ್ಟು, ಉಳಿದದ್ದನ್ನು ತೂಗಿ. ಪೊಟ್ಯಾಶಿಯಂ, ವಿಟಮಿನ್ ಸಿ, ಉಪ್ಪು ಮೂರೂ ನೀರಿನಲ್ಲಿ ಕರಗುವಂಥವು, ರಸದ ಜೊತೆ ತಮ್ಮ ಪಾಲು ಹೊರಟುಹೋಗುತ್ತವೆ. ನಾರು ಮತ್ತು ಕೆಂಪು ಬಣ್ಣದ ಲೈಕೋಪೀನ್ ಹೆಚ್ಚಾಗಿ ತಿರುಳಿನಲ್ಲೇ ಉಳಿಯುತ್ತವೆ. ಉಪ್ಪು ಕಡಿಮೆಯಾಗಲಿ ಎಂದು ತೊಳೆದರೆ ಉಪ್ಪಿನ ಜೊತೆ ಒಳ್ಳೆಯದೂ ಸ್ವಲ್ಪ ತೊಳೆದುಹೋಗುತ್ತದೆ. ಅದಕ್ಕಿಂತ ಉಪ್ಪು ಹಾಕದ ಡಬ್ಬಿ ಕೊಳ್ಳುವುದು ಜಾಣತನ.

ಮೂರು ಅಳತೆಗೋಲು

100 ಗ್ರಾಂ ಲೆಕ್ಕ. ಇದು ಕೋಷ್ಟಕದ ಭಾಷೆ, ಆರಂಭಕ್ಕೆ ಇಷ್ಟು ಸಾಕು. ಸಿರಪ್: 260 ಕ್ಯಾಲರಿ, ಕಾರ್ಬೊಹೈಡ್ರೇಟ್ 67 ಗ್ರಾಂ, ಅದರಲ್ಲಿ ಸಕ್ಕರೆ 60 ಗ್ರಾಂ, ಕ್ಯಾಲ್ಸಿಯಂ 102 ಮಿ.ಗ್ರಾಂ, ಮ್ಯಾಂಗನೀಸ್ 2.9 ಮಿ.ಗ್ರಾಂ, ಜಿಂಕ್ 1.5 ಮಿ.ಗ್ರಾಂ, ಸೋಡಿಯಂ 12 ಮಿ.ಗ್ರಾಂ, ನಾರು ಇಲ್ಲ, ವಿಟಮಿನ್ ಸಿ ಇಲ್ಲ, ಪ್ರೊಟೀನ್, ಕೊಬ್ಬು ಲೆಕ್ಕಕ್ಕಿಲ್ಲ. ಟೊಮೆಟೊ: 16 ಕ್ಯಾಲರಿ, ಕಾರ್ಬೊಹೈಡ್ರೇಟ್ 3.5 ಗ್ರಾಂ, ಸಕ್ಕರೆ 2.5 ಗ್ರಾಂ, ನಾರು 1.9 ಗ್ರಾಂ, ಪ್ರೊಟೀನ್ 0.8 ಗ್ರಾಂ, ಕ್ಯಾಲ್ಸಿಯಂ 33 ಮಿ.ಗ್ರಾಂ, ಕಬ್ಬಿಣ 0.6 ಮಿ.ಗ್ರಾಂ, ವಿಟಮಿನ್ ಸಿ 12–13 ಮಿ.ಗ್ರಾಂ, ಸೋಡಿಯಂ 115 ಮಿ.ಗ್ರಾಂ.

(ನಾರು, ಸಕ್ಕರೆ ಕೂಡಿಸಿದರೆ 4.4 ಆಗುತ್ತದೆ, ಕಾರ್ಬೊಹೈಡ್ರೇಟ್ 3.5 ಅಂತಿದೆಯಲ್ಲ ಎಂದು ಲೆಕ್ಕ ಹಿಡಿಯುವವರಿಗೆ: ಕಾರ್ಬೊಹೈಡ್ರೇಟನ್ನು ನೇರವಾಗಿ ಅಳೆಯುವುದಿಲ್ಲ, 100ರಿಂದ ನೀರು, ಪ್ರೊಟೀನ್, ಕೊಬ್ಬು, ಬೂದಿ (ಅಂದರೆ ಸುಟ್ಟ ಮೇಲೆ ಉಳಿಯುವ ಖನಿಜಾಂಶ) ಕಳೆದು ಉಳಿದದ್ದನ್ನು ಬರೆಯುತ್ತಾರೆ. ನಾರು, ಸಕ್ಕರೆ ಬೇರೆ ಪರೀಕ್ಷೆಗಳಿಂದ ಬಂದವು. ಶೇ 94 ನೀರಿರುವ ಪದಾರ್ಥದಲ್ಲಿ ಈ ಬಿರುಕು ಎದ್ದು ಕಾಣುತ್ತದೆ.)

100 ಕ್ಯಾಲರಿ ಲೆಕ್ಕ. ಪೋಷಕಾಂಶ ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಇದೇ ಸರಿ. 100 ಕ್ಯಾಲರಿಯನ್ನು ಪದಾರ್ಥದ ಕ್ಯಾಲರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಸಿರಪ್ 38.5 ಗ್ರಾಂ, ಅಂದರೆ ಎರಡು ದೊಡ್ಡ ಚಮಚಕ್ಕೆ ಕೊಂಚ ಕಡಿಮೆ. ಟೊಮೆಟೊ 625 ಗ್ರಾಂ, ಒಂದೂವರೆ ಡಬ್ಬಿ! ಆ ಪ್ರಮಾಣದಲ್ಲಿ ಪೊಟ್ಯಾಶಿಯಂ ಸಿರಪ್‌ನಿಂದ 82 ಮಿ.ಗ್ರಾಂ, ಟೊಮೆಟೊದಿಂದ 1,190. ಕ್ಯಾಲ್ಸಿಯಂ 39 ಎದುರು 206. 100 ಗ್ರಾಂ ಲೆಕ್ಕದಲ್ಲಿ ಸಿರಪ್ ಮೂರು ಪಟ್ಟು ಮುಂದಿದ್ದ ಕ್ಯಾಲ್ಸಿಯಂ ಇಲ್ಲಿ ಐದು ಪಟ್ಟು ಹಿಂದೆ ಬಿತ್ತು. ಮ್ಯಾಂಗನೀಸ್‌ನಲ್ಲಿ ಮಾತ್ರ ಸಿರಪ್ಪೇ ಗೆಲ್ಲುತ್ತದೆ: 1.1 ಮಿ.ಗ್ರಾಂ ಎದುರು ಸುಮಾರು 0.4. ಈ ಲೆಕ್ಕದ ದೋಷವನ್ನೂ ಮರೆಯಬಾರದು: ಒಂದೂವರೆ ಡಬ್ಬಿ ಟೊಮೆಟೊ ಒಬ್ಬರೇ ತಿಂದರೆ ಸೋಡಿಯಂ ಕೂಡ 700 ಮಿ.ಗ್ರಾಂ ದಾಟುತ್ತದೆ.

ತಟ್ಟೆಗೆ ಬೀಳುವ ಪ್ರಮಾಣದ ಲೆಕ್ಕ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ತೀರ್ಮಾನಿಸಲು ಕೂತಾಗ ನಂಬಬೇಕಾದ್ದು ಇದನ್ನೇ. ಒಂದು ದೊಡ್ಡ ಚಮಚ ಸಿರಪ್, 20 ಗ್ರಾಂ: 52 ಕ್ಯಾಲರಿ, 12 ಗ್ರಾಂ ಸಕ್ಕರೆ, ಪೊಟ್ಯಾಶಿಯಂ 42, ಕ್ಯಾಲ್ಸಿಯಂ 20, ಮ್ಯಾಂಗನೀಸ್ 0.58 ಮಿ.ಗ್ರಾಂ. ಅರ್ಧ ಕಪ್ ಡಬ್ಬಿ ಟೊಮೆಟೊ, 120 ಗ್ರಾಂ: 19 ಕ್ಯಾಲರಿ, 3 ಗ್ರಾಂ ಸಕ್ಕರೆ, ನಾರು 2.3 ಗ್ರಾಂ, ಪೊಟ್ಯಾಶಿಯಂ 229, ಕ್ಯಾಲ್ಸಿಯಂ 40, ವಿಟಮಿನ್ ಸಿ 15, ಸೋಡಿಯಂ 138 ಮಿ.ಗ್ರಾಂ. ಸಿರಪ್‌ನ ಲೇಬಲ್‌ನಲ್ಲಿ ಒಂದು ಸರ್ವಿಂಗ್ ಎಂದರೆ ಎರಡು ಚಮಚ ಇರಬಹುದು. ಹಾಗಿದ್ದರೆ ಸಿರಪ್‌ನ ಅಂಕಿಗಳನ್ನು ಇಮ್ಮಡಿ ಮಾಡಿಕೊಳ್ಳಿ.

ಅಂತರ್ಜಾಲದಲ್ಲಿ ಎರಡು ಕಡೆ ಎರಡು ಅಂಕಿ ಯಾಕೆ?

ಹೆಚ್ಚಿನ ಜಾಲತಾಣಗಳು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಿಂದ ಅಂಕಿ ಎತ್ತಿಕೊಳ್ಳುತ್ತವೆ. ಆ ಕೋಷ್ಟಕ ಪರಿಷ್ಕರಣೆ ಆಗುತ್ತಿರುತ್ತದೆ, ನಕಲು ಮಾಡಿದವರು ಮಾತ್ರ ಹಳೆಯದರಲ್ಲೇ ಉಳಿದಿರುತ್ತಾರೆ. ಮೇಪಲ್ ಸಿರಪ್‌ನ ಸಾಲಿನಲ್ಲಿ ಈ ಬದಲಾವಣೆ ಸಣ್ಣದಲ್ಲ. ಹಳೆಯ ಆವೃತ್ತಿಯಲ್ಲಿ 100 ಗ್ರಾಂಗೆ ಕಬ್ಬಿಣ 1.2 ಮಿ.ಗ್ರಾಂ ಎಂದಿದ್ದದ್ದು ಹೊಸದರಲ್ಲಿ 0.11. ಜಿಂಕ್ 4.16ರಿಂದ 1.47ಕ್ಕೆ ಇಳಿಯಿತು. ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2, 0.01ರಿಂದ 1.27ಕ್ಕೆ ಏರಿತು. ಸಿರಪ್ ಜಿಂಕ್‌ನ ಗಣಿ, ಕಬ್ಬಿಣದ ಆಗರ ಎಂದು ಬರೆದದ್ದು ಎಲ್ಲಾದರೂ ಕಂಡರೆ ಅದು ಹಳೆಯ ಕೋಷ್ಟಕದ ಮಾತು ಎಂದು ಅಂದಾಜಿಸಬಹುದು. ಜೊತೆಗೆ, ಮರದ ರಸದ ಖನಿಜಾಂಶ ಮಣ್ಣಿನಿಂದ ಮಣ್ಣಿಗೆ, ಋತುವಿನ ಆರಂಭದಿಂದ ಕೊನೆಗೆ ಬದಲಾಗುತ್ತದೆ. ದಶಮಾಂಶದ ಎರಡನೇ ಸ್ಥಾನಕ್ಕಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಕೋಷ್ಟಕದಲ್ಲಿ ಸೊನ್ನೆ ಬೇರೆ, ಖಾಲಿ ಜಾಗ ಬೇರೆ. ಸೊನ್ನೆ ಎಂದರೆ ಇಲ್ಲ. ಖಾಲಿ ಎಂದರೆ ಅಳೆದಿಲ್ಲ. ಖಾಲಿಯನ್ನು ಸೊನ್ನೆ ಎಂದು ನಕಲಿಸಿದ ಪಟ್ಟಿಗಳು ಬೇಕಾದಷ್ಟಿವೆ. ಹಾಗೆಯೇ ಮ್ಯಾಂಗನೀಸ್ ಮತ್ತು ಮೆಗ್ನೀಸಿಯಂ. ಬರೆಯುವಾಗಲೂ ಓದುವಾಗಲೂ ಒಂದರ ಜಾಗದಲ್ಲಿ ಇನ್ನೊಂದು ನುಸುಳುತ್ತದೆ. ಸಿರಪ್‌ನಲ್ಲಿ ಗಮನಾರ್ಹವಾಗಿ ಇರುವುದು ಮ್ಯಾಂಗನೀಸ್; ಮೆಗ್ನೀಸಿಯಂ ಚಮಚಕ್ಕೆ 4 ಮಿ.ಗ್ರಾಂ ಮಾತ್ರ.

ಅಂಕಿಗಳ ಮೇಲೆ ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ ಇದೆ. 100 ಗ್ರಾಂಗೆ ಕೊಟ್ಟ ನೀರು, ಕಾರ್ಬೊಹೈಡ್ರೇಟ್, ಪ್ರೊಟೀನ್, ಕೊಬ್ಬು, ಬೂದಿ ಕೂಡಿಸಿ. ಮೊತ್ತ 100ರ ಹತ್ತಿರ ಬರಬೇಕು. ಬರದಿದ್ದರೆ ಎರಡು ಬೇರೆ ಪದಾರ್ಥಗಳ ಸಾಲುಗಳು ಬೆರೆತಿವೆ, ಇಲ್ಲವೇ ಎಲ್ಲೋ ಮಿ.ಲೀ. ನುಸುಳಿದೆ.

ಗೆಲುವು ಸೋಲಿಗೆ ಎಷ್ಟು ಬೆಲೆ?

ಸಿರಪ್‌ನ ಪರವಾಗಿ ಹೇಳಬಹುದಾದ್ದು ಎರಡು. ಒಂದು ಚಮಚದಲ್ಲಿ ಅಮೆರಿಕದ ಲೇಬಲ್ ಮಾನದಂಡದ ಪ್ರಕಾರ ದಿನಕ್ಕೆ ಬೇಕಾದ 2.3 ಮಿ.ಗ್ರಾಂ ಮ್ಯಾಂಗನೀಸ್‌ನ ಕಾಲು ಭಾಗ, ರೈಬೋಫ್ಲೇವಿನ್‌ನ ಐದನೇ ಒಂದು ಭಾಗ. ಕೇಳಲು ಚೆನ್ನಾಗಿದೆ. ಆದರೆ ಧಾನ್ಯ, ಕಾಳು, ಬೀಜಗಳಲ್ಲಿ ಮ್ಯಾಂಗನೀಸ್ ಧಾರಾಳ, ಅದರ ಕೊರತೆ ತೀರಾ ಅಪರೂಪ. ಕೊರತೆಯೇ ಇಲ್ಲದ್ದನ್ನು ತುಂಬಿಸಲು 12 ಗ್ರಾಂ ಸಕ್ಕರೆ ಕೊಡುವುದು ದುಬಾರಿ ವ್ಯಾಪಾರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ರೊಳಗಿರಬೇಕು, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. 2,000 ಕ್ಯಾಲರಿ ತಿನ್ನುವವರಿಗೆ ಆ ಶೇ 5 ಅಂದರೆ 25 ಗ್ರಾಂ. ಒಂದೇ ಚಮಚದಲ್ಲಿ ಅರ್ಧ ಮುಗಿಯಿತು.

ಟೊಮೆಟೊದ ಪರವಾಗಿ ಇರುವುದು ನಾರು, ಪೊಟ್ಯಾಶಿಯಂ, ವಿಟಮಿನ್ ಸಿ ಮತ್ತು 100 ಗ್ರಾಂಗೆ ಸುಮಾರು 2.8 ಮಿ.ಗ್ರಾಂ ಲೈಕೋಪೀನ್. ಡಬ್ಬಿ ಮಾಡುವಾಗಿನ ಬಿಸಿಗೆ ವಿಟಮಿನ್ ಸಿ ಒಂದಿಷ್ಟು ನಾಶವಾಗುತ್ತದೆ. ಲೈಕೋಪೀನ್ ಮಾತ್ರ ಬಿಸಿಗೆ ಜೀವಕೋಶದ ಗೋಡೆ ಒಡೆದು ದೇಹಕ್ಕೆ ಸುಲಭವಾಗಿ ಸಿಗುವಂತಾಗುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಒಂದು ಚಮಚ ಎಣ್ಣೆ ಜೊತೆಗಿರಲಿ. ಲೈಕೋಪೀನ್‌ಗೆ ದಿನಕ್ಕೆ ಇಷ್ಟು ಬೇಕು ಎಂಬ ಪ್ರಮಾಣ ಯಾರೂ ನಿಗದಿ ಮಾಡಿಲ್ಲ. ಶೇಕಡಾವಾರು ಕೊಟ್ಟವರನ್ನು ನಂಬಬೇಡಿ.

ಒಂದೇ ಬಾಣಲೆಯಲ್ಲಿ ಎರಡೂ

ಈ ಎರಡು ನಿಜವಾಗಿ ಸೇರುವುದು ಟೊಮೆಟೊ ಸಾಸ್‌ನಲ್ಲಿ, ಹುಳಿ ಮುರಿಯಲು ಚೂರು ಸಿರಪ್ ಹಾಕಿದಾಗ. 400 ಗ್ರಾಂ ಡಬ್ಬಿ ಪೂರ್ತಿ ಸುರಿದರೆ 64 ಕ್ಯಾಲರಿ, 10 ಗ್ರಾಂ ಸಕ್ಕರೆ, ಪೊಟ್ಯಾಶಿಯಂ 764 ಮಿ.ಗ್ರಾಂ, ಸೋಡಿಯಂ 460 ಮಿ.ಗ್ರಾಂ. ಅದಕ್ಕೆ ಒಂದು ದೊಡ್ಡ ಚಮಚ ಸಿರಪ್ ಬಿದ್ದಾಗ 116 ಕ್ಯಾಲರಿ, 22 ಗ್ರಾಂ ಸಕ್ಕರೆ. ಇಡೀ ಡಬ್ಬಿಯ ಹಣ್ಣಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಸಕ್ಕರೆ ಆ ಒಂದು ಚಮಚದಲ್ಲಿತ್ತು. ಪೊಟ್ಯಾಶಿಯಂ ಏರಿದ್ದು ಬರೀ 42 ಮಿ.ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 29 ಕ್ಯಾಲರಿ, 3 ಗ್ರಾಂ ಸೇರಿಸಿದ ಸಕ್ಕರೆ, ಗಾಬರಿಪಡುವಂಥದ್ದೇನೂ ಅಲ್ಲ. ಸಾಸ್ ಕುದಿದು ಅರ್ಧಕ್ಕೆ ಇಳಿದರೂ ಈ ಮೊತ್ತಗಳು ಬದಲಾಗುವುದಿಲ್ಲ (ವಿಟಮಿನ್ ಸಿ ಬಿಟ್ಟು), 100 ಗ್ರಾಂ ಲೆಕ್ಕ ಮಾತ್ರ ಇಮ್ಮಡಿಯಾಗುತ್ತದೆ. ಆದ್ದರಿಂದ ಬಾಣಲೆಯ ಒಟ್ಟು ಮೊತ್ತ ಹಿಡಿದು ಜನಕ್ಕೆ ಭಾಗಿಸಿ. ಬೇಯಿಸಿದ ಸಾಸ್‌ನ ಗ್ರಾಂಗೆ ಬೇಯಿಸದ ಟೊಮೆಟೊದ ಅಂಕಿ ಹಚ್ಚಬೇಡಿ.

ಹುಳಿ ಮುರಿಯುವುದೊಂದೇ ಉದ್ದೇಶವಾದರೆ ಮೊದಲು ಒಂದು ಸಣ್ಣ ಚಮಚ, 7 ಗ್ರಾಂ ಹಾಕಿ ರುಚಿ ನೋಡಿ. ಸಕ್ಕರೆ 4 ಗ್ರಾಂಗೆ ನಿಲ್ಲುತ್ತದೆ. ಸಿರಪ್ ಬದಲು ಅಡುಗೆ ಸೋಡಾ ಹಾಕುವವರಿದ್ದಾರೆ. ಅದು ಸಕ್ಕರೆ ಸೇರಿಸುವುದಿಲ್ಲ, ಆದರೆ ಕಾಲು ಸಣ್ಣ ಚಮಚ ಸೋಡಾದಲ್ಲಿ 300 ಮಿ.ಗ್ರಾಂ ಮೀರಿ ಸೋಡಿಯಂ ಇದೆ, ಹುಳಿ ಸತ್ತಾಗ ವಿಟಮಿನ್ ಸಿ ಕೂಡ ಬೇಗ ಕೆಡುತ್ತದೆ. ಉಪ್ಪು ಹಾಕದ ಡಬ್ಬಿ ಕೊಂಡು ಸೋಡಾ ಸುರಿದರೆ ಉಳಿಸಿದ ಸೋಡಿಯಂನಲ್ಲಿ ಬಹುಪಾಲು ವಾಪಸ್ ಬಂದಂತೆಯೇ.

ಪೊಟ್ಯಾಶಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವ ಮೂತ್ರಪಿಂಡದ ರೋಗಿಗಳಿಗೆ ಈ ಇಡೀ ಲೆಕ್ಕ ತಲೆಕೆಳಗು. ಅವರಿಗೆ ಟೊಮೆಟೊದ ದಟ್ಟತೆಯೇ ತೊಂದರೆ: ಒಂದು ಕಪ್‌ನಲ್ಲಿ ಸುಮಾರು 460 ಮಿ.ಗ್ರಾಂ. ರಸ ಬಸಿದು ಚೆಲ್ಲಿದರೆ ಡಬ್ಬಿಯ ಒಟ್ಟು ಪೊಟ್ಯಾಶಿಯಂನಲ್ಲಿ ಒಂದು ಪಾಲು ಹೋಗುತ್ತದೆ, ಉಳಿದ ಹಣ್ಣಿನ ಪ್ರತಿ 100 ಗ್ರಾಂನಲ್ಲಿ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಬಸಿದ ಮೇಲೂ ತೂಗಿಯೇ ಬಡಿಸಿಕೊಳ್ಳಬೇಕು. ಪೇಸ್ಟ್ ಇರುವ ಅಡುಗೆಯನ್ನಂತೂ ಆಹಾರತಜ್ಞರನ್ನು ಕೇಳದೆ ಮುಟ್ಟಬೇಡಿ.